ದಣಿವಿನ ಲೆಕ್ಕ

ಕಳೆದ ತಿಂಗಳ ಒಂದು ಭಾನುವಾರ ತಂಗಿಯ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆವು. ಹುಳಿಯನ್ನ ಮುಗಿದು ಮಜ್ಜಿಗೆಯ ಪಾತ್ರೆ ಬರುವ ಹೊತ್ತಿಗೆ, ನನ್ನ ಎದುರಿಗೆ ಕುಳಿತಿದ್ದ ಸೋದರಳಿಯ ತಟ್ಟೆಯ ಮುಂದೆಯೇ ತೂಕಡಿಸಿಬಿಟ್ಟ. ಕೈ ಅನ್ನದಲ್ಲಿ, ಗದ್ದ ಎದೆಯ ಮೇಲೆ. ಮೂವತ್ತನಾಲ್ಕು ವರ್ಷದ ಗಂಡಸು ಎಳೆಮಗುವಿನಂತೆ ಊಟದ ನಡುವೆ ನಿದ್ದೆ ಹೋಗುವುದನ್ನು ನಾನು ನೋಡಿದ್ದು ಅದೇ ಮೊದಲು. ಎಬ್ಬಿಸಿದಾಗ ಪೆಚ್ಚಾಗಿ ನಕ್ಕು, "ಏನಿಲ್ಲ ಮಾವ, ಇದು ಪೀಕ್ ವಾರ, ಅಷ್ಟೆ" ಎಂದ. ತಂಗಿ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಅಣ್ಣ, ನೀನಾದರೂ ಇವನಿಗೆ ಬುದ್ಧಿ ಹೇಳು. ಮೂರು ತಿಂಗಳಿಂದ ಮನೆಯಲ್ಲಿ ಮನುಷ್ಯನ ಹಾಗಿಲ್ಲ" ಎಂದಳು. ಅವಳ ದನಿಯಲ್ಲಿ ಹಾಸ್ಯವಿರಲಿಲ್ಲ.

ಹುಡುಗ ಲಂಕಾವಿ ದ್ವೀಪದಲ್ಲಿ ನಡೆಯುವ ದೀರ್ಘ ಟ್ರಯಥ್ಲಾನಿಗೆ ಹೆಸರು ಕೊಟ್ಟಿದ್ದಾನೆ. ಸಮುದ್ರದಲ್ಲಿ 3.8 ಕಿಲೋಮೀಟರು ಈಜು, ಮೇಲೆದ್ದು ಬಂದು 180 ಕಿಲೋಮೀಟರು ಸೈಕಲ್, ಅದರ ಬೆನ್ನಿಗೆ 42 ಕಿಲೋಮೀಟರಿನ ಮ್ಯಾರಥಾನ್ ಓಟ. ಎಲ್ಲವೂ ಒಂದೇ ದಿನದಲ್ಲಿ, ನಡುವೆ ಬಟ್ಟೆ ಬದಲಿಸುವಷ್ಟೇ ಬಿಡುವು. ಇದಕ್ಕಾಗಿ ಬೆಳಗಿನ ನಾಲ್ಕು ಗಂಟೆಗೆ ಎದ್ದು ಚಾಮುಂಡಿ ಬೆಟ್ಟವನ್ನು ಸೈಕಲ್ಲಿನಲ್ಲಿ ಹತ್ತಿ ಇಳಿದು, ಮತ್ತೆ ಹತ್ತಿ, ಆಫೀಸಿಗೆ ಹೋಗಿ, ಸಂಜೆ ಈಜುಕೊಳ ಸೇರುತ್ತಾನೆ. ಅವನ ಬಳಿ ಒಂದು ತರಬೇತಿಯ ಪಟ್ಟಿ ಇದೆ. ಅದರಲ್ಲಿ ವಾರಕ್ಕೊಂದು ವಿರಾಮದ ದಿನವೂ ಇದೆ. ಆ ದಿನ ಈತ "ಸುಮ್ಮನೆ ಕೂತರೆ ಗಳಿಸಿದ್ದು ಕಳೆದುಹೋದ ಹಾಗೆ ಅನ್ನಿಸುತ್ತೆ" ಎಂದು ಹತ್ತು ಕಿಲೋಮೀಟರು ಓಡಿಬರುತ್ತಾನೆ!

ನಾನು ಇತಿಹಾಸದ ಮೇಷ್ಟ್ರಾಗಿದ್ದು ನಿವೃತ್ತನಾದವನು. ಬುದ್ಧಿ ಹೇಳುವ ಕೆಲಸ ಬಂದಾಗ ನನಗೆ ಗೊತ್ತಿರುವುದು ಒಂದೇ ದಾರಿ: ಹಿಂದಿನವರು ಏನು ಮಾಡಿದರು ಎಂದು ಹುಡುಕುವುದು. ಸ್ವಂತ ಅನುಭವವೂ ಒಂದಿಷ್ಟು ಇಲ್ಲದೆ ಇಲ್ಲ. 1974ರಲ್ಲಿ ಅಂತರ ಕಾಲೇಜು ಪಂದ್ಯದ ಐದು ಸಾವಿರ ಮೀಟರ್ ಓಟಕ್ಕೆ ನನ್ನನ್ನು ಆರಿಸಿದ್ದರು. ಪಂದ್ಯದ ಹಿಂದಿನ ವಾರ ನಮ್ಮ ಡ್ರಿಲ್ ಮೇಷ್ಟ್ರು ದಿನಕ್ಕೆ ಎರಡರಷ್ಟು ಓಡಿಸಿದರು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವ ತತ್ವವನ್ನೇ ಅವರು ಕಾಲಿಗೂ ಅನ್ವಯಿಸಿದ್ದರು ಎಂದು ಕಾಣುತ್ತದೆ. ಪಂದ್ಯದ ದಿನ ಮೂರನೆಯ ಸುತ್ತಿಗೇ ಕಾಲು ಸೀಸವಾಯಿತು. ಮುಗಿಸಿದವರಲ್ಲಿ ನಾನೇ ಕೊನೆಯವನು. ಆ ಮೇಲೆ ಓಡಲಿಲ್ಲ.

ದಣಿವನ್ನು ತೂಗಿ ಅಳೆಯಬಹುದೆಂದು ತೋರಿಸಿಕೊಟ್ಟವನು ಇಟಲಿಯ ಟ್ಯೂರಿನ್ ನಗರದ ಶರೀರಶಾಸ್ತ್ರ ಪ್ರಾಧ್ಯಾಪಕ ಆಂಜೆಲೊ ಮೊಸ್ಸೊ. 1891ರಲ್ಲಿ ಅವನು ದಣಿವಿನ ಮೇಲೆಯೇ ಒಂದು ಪುಸ್ತಕ ಬರೆದ. ಅದು ಆರಂಭವಾಗುವುದು ಪ್ರಯೋಗಶಾಲೆಯಲ್ಲಲ್ಲ, ಸಮುದ್ರತೀರದಲ್ಲಿ. ವಸಂತಕಾಲದಲ್ಲಿ ಆಫ್ರಿಕದಿಂದ ಮೆಡಿಟರೇನಿಯನ್ ಸಮುದ್ರ ದಾಟಿ ಬರುವ ಲಾವುಗೆ ಹಕ್ಕಿಗಳು ದಣಿದಿರುತ್ತವೆಯೇ ಎಂದು ನೋಡಲು ಅವನು ರೋಮಿನ ಬಳಿಯ ಪಾಲೊ ಎಂಬ ದಡಕ್ಕೆ ಹೋದ. ಹಾರಿ ಹಾರಿ ಬಳಲಿ ಬಂದ ಆ ಹಕ್ಕಿಗಳಿಗೆ ಎದುರಿಗಿರುವ ಮರವೂ ಗೋಡೆಯೂ ಸರಿಯಾಗಿ ಕಾಣದೆ ಡಿಕ್ಕಿ ಹೊಡೆಯುತ್ತಿದ್ದವು. ದಣಿವು ರೆಕ್ಕೆಯಲ್ಲಿ ಮಾತ್ರ ಇರುವುದಿಲ್ಲ, ತಲೆಗೂ ಏರುತ್ತದೆ ಎಂಬ ವಿಚಾರ ಅವನ ಪುಸ್ತಕದ ಉದ್ದಕ್ಕೂ ಇದೆ. ತಟ್ಟೆಯ ಮುಂದೆ ತೂಕಡಿಸಿದ ನಮ್ಮ ಹುಡುಗನನ್ನು ಕಂಡಾಗ ನನಗೆ ನೆನಪಾದದ್ದು ಆ ಲಾವುಗೆ.

ಮೊಸ್ಸೊ ಕಟ್ಟಿದ ಯಂತ್ರಕ್ಕೆ ಎರ್ಗೋಗ್ರಾಫ್ ಎಂದು ಹೆಸರು. ತೋಳನ್ನು ಹಲಗೆಗೆ ಬಿಗಿದು, ನಡುಬೆರಳಿಗೆ ಹುರಿ ಕಟ್ಟಿ, ಅದಕ್ಕೆ ಮೂರು ಕಿಲೋಗ್ರಾಂ ತೂಕ ನೇತುಹಾಕುವುದು. ಎರಡು ಸೆಕೆಂಡಿಗೊಮ್ಮೆ ಬೆರಳು ಮಡಿಸಿ ತೂಕವನ್ನು ಎತ್ತಬೇಕು. ಎತ್ತಿದ ಎತ್ತರವನ್ನು ಒಂದು ಮುಳ್ಳು ತಿರುಗುವ ಉರುಳೆಯ ಮೇಲೆ ಗೀಚುತ್ತ ಹೋಗುತ್ತದೆ. ಮೊದಲು ಗೀಟುಗಳು ಎತ್ತರವಾಗಿರುತ್ತವೆ, ಬರಬರುತ್ತ ಗಿಡ್ಡವಾಗುತ್ತವೆ, ಕೊನೆಗೆ ಬೆರಳು ಏಳುವುದೇ ಇಲ್ಲ. ಅವನ ಸಹಾಯಕ ಮಜ್ಜೋರ ಎಂಬ ಅಧ್ಯಾಪಕ, ವಿದ್ಯಾರ್ಥಿಗಳ ಮೌಖಿಕ ಪರೀಕ್ಷೆ ನಡೆಸುವ ಮೊದಲೊಮ್ಮೆ, ನಡೆಸಿದ ಮೇಲೊಮ್ಮೆ ಬೆರಳು ಕಟ್ಟಿ ನೋಡಿದ. ಪರೀಕ್ಷೆ ಮಾಡಿ ಬಂದವನ ಬೆರಳು ಬೇಗ ಸೋತಿತ್ತು! ಮೂವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದ ನನಗೆ ಇದನ್ನು ಓದಿದಾಗ ಆದ ಸಮಾಧಾನವನ್ನು ವೃತ್ತಿಬಾಂಧವರು ಬಲ್ಲರು. ದಿನವಿಡೀ ಆಫೀಸಿನಲ್ಲಿ ಕುಳಿತು ಸಂಜೆ ಈಜಲು ಹೋಗುವವರೂ ಇದನ್ನು ಗಮನಿಸಬೇಕು. ಕುರ್ಚಿಯ ದಣಿವೂ ಲೆಕ್ಕಕ್ಕೆ ಸೇರುತ್ತದೆ.

ಆದರೆ ನನ್ನನ್ನು ಬೆರಗುಗೊಳಿಸಿದ್ದು ಮಜ್ಜೋರನ ಇನ್ನೊಂದು ಎಣಿಕೆ. ಬೆರಳನ್ನು ಪೂರ್ತಿ ಸೋಲುವ ತನಕ, ಎಂದರೆ ಮೂವತ್ತು ಸಲ ಎತ್ತಿಸಿದರೆ, ಅದು ಮೊದಲಿನಂತಾಗಲು ಎರಡು ಗಂಟೆ ಬೇಕು. ಹದಿನೈದು ಸಲಕ್ಕೆ ನಿಲ್ಲಿಸಿದರೆ? ಅರ್ಧ ಕೆಲಸಕ್ಕೆ ಅರ್ಧ ವಿಶ್ರಾಂತಿ, ಒಂದು ಗಂಟೆ ಬೇಕಾದೀತು ಎಂದು ನಾವು ನೀವು ಹೇಳುತ್ತೇವೆ. ಬೇಕಾದದ್ದು ಅರ್ಧ ಗಂಟೆ ಮಾತ್ರ. ಮೊದಲ ಹದಿನೈದರ ಬೆಲೆ ಅರ್ಧ ಗಂಟೆ, ಎರಡನೆಯ ಹದಿನೈದರ ಬೆಲೆ ಒಂದೂವರೆ ಗಂಟೆ. ದಣಿದ ಮೇಲೆ ಮಾಡಿದ ಕೆಲಸಕ್ಕೆ ದೇಹ ಬಡ್ಡಿ ಹಾಕುತ್ತದೆ, ಅದೂ ಚಕ್ರಬಡ್ಡಿ. ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಹುಡುಗನ ಜೇಬಿಗೆ ಹಾಕಿದೆ.

ಇಷ್ಟು ತಿಳಿದಿದ್ದರೂ ಆಟದ ಬಯಲಿಗೆ ಈ ಮಾತು ತಲುಪಲು ಬಹಳ ಕಾಲ ಹಿಡಿಯಿತು. ಹಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ, ಒತ್ತಡ ಬಿದ್ದ ದೇಹ ಮೊದಲು ಬೆಚ್ಚುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ, ಒತ್ತಡ ಬಿಡದಿದ್ದರೆ ಕೊನೆಗೆ ಕುಸಿಯುತ್ತದೆ ಎಂದು ತೋರಿಸಿದ. ಸಿಡ್ನಿಯಲ್ಲಿ ಪ್ರಾಧ್ಯಾಪಕ ಫ್ರಾಂಕ್ ಕಾಟನ್ ಮತ್ತು ಅವನ ಶಿಷ್ಯ ಫೋರ್ಬ್ಸ್ ಕಾರ್ಲೈಲ್ 1940ರ ದಶಕದ ಕೊನೆಯಲ್ಲಿ ಈಜುಗಾರರ ಮೇಲೆ ಒಂದು ಸಾಹಸ ಮಾಡಿದರು. ಮುಖ್ಯ ಸ್ಪರ್ಧೆಗೆ ಕೆಲವು ವಾರ ಇರುವಾಗ ಅಭ್ಯಾಸವನ್ನು ಹೆಚ್ಚಿಸುವ ಬದಲು ಇಳಿಸುತ್ತ ಬಂದರು. ಇದಕ್ಕೆ ಟೇಪರ್ ಎನ್ನುತ್ತಾರೆ. ನಮ್ಮ ಸಂಗೀತಗಾರರು ಗೋಪುಚ್ಛ ಯತಿ ಎಂದು ಹೇಳುವುದು ಇದಕ್ಕೆ ಸರಿಯಾಗಿ ಹೊಂದುತ್ತದೆ. ಹಸುವಿನ ಬಾಲದಂತೆ ಮೊದಲು ದಪ್ಪ, ಬರಬರುತ್ತ ಸಣ್ಣ. 2007ರಲ್ಲಿ ಲಾರೆಂಟ್ ಬೋಸ್ಕೆ ಮತ್ತು ಅವರ ಸಂಗಡಿಗರು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡದ್ದೂ ಇದೇ ಹಾದಿ: ಎರಡು ವಾರ, ಅಭ್ಯಾಸದ ಪ್ರಮಾಣದಲ್ಲಿ ಶೇಕಡಾ 41ರಿಂದ 60ರಷ್ಟು ಕಡಿತ, ಆದರೆ ವೇಗದಲ್ಲಾಗಲಿ ದಿನಗಳ ಸಂಖ್ಯೆಯಲ್ಲಾಗಲಿ ಕಡಿತವಿಲ್ಲ.

ಶಾಸ್ತ್ರಕ್ಕಿಂತ ಮೊದಲು ಆಕಸ್ಮಿಕವೇ ಕೆಲವರಿಗೆ ಪಾಠ ಕಲಿಸಿತು. ಜೆಕೊಸ್ಲೊವಾಕಿಯದ ಎಮಿಲ್ ಜಟೊಪೆಕ್ ಅಭ್ಯಾಸದಲ್ಲಿ ರಾಕ್ಷಸ. ನಾನೂರು ಮೀಟರನ್ನು ಜೋರಾಗಿ ಓಡುವುದು, ಒಂದಿಷ್ಟು ನಿಧಾನವಾಗಿ ಓಡಿ ಮತ್ತೆ ನಾನೂರು ಜೋರು. ಹೀಗೆ ದಿನಕ್ಕೆ ಇಪ್ಪತ್ತು ಸಲ, ನಲವತ್ತು ಸಲ, ಅರವತ್ತು ಸಲ. 1950ರಲ್ಲಿ ಬ್ರಸೆಲ್ಸಿನ ಯೂರೋಪಿಯನ್ ಸ್ಪರ್ಧೆಗೆ ಎರಡು ವಾರ ಇರುವಾಗ ಅವನು ಊಟದಲ್ಲಿ ವಿಷವೇರಿ ಆಸ್ಪತ್ರೆ ಸೇರಿದ. ಓಟವಿಲ್ಲ, ಹಾಸಿಗೆಯಷ್ಟೆ. ಸ್ಪರ್ಧೆಯ ಹೊಸ್ತಿಲಲ್ಲಿ ಹೊರಬಂದು ಬ್ರಸೆಲ್ಸಿಗೆ ಹೋದವನು ಹತ್ತು ಸಾವಿರ ಮೀಟರಿನಲ್ಲಿ ಎರಡನೆಯವನನ್ನು ಒಂದು ನಿಮಿಷಕ್ಕೂ ಹೆಚ್ಚು ಅಂತರದಿಂದ, ಐದು ಸಾವಿರ ಮೀಟರಿನಲ್ಲಿ 23 ಸೆಕೆಂಡಿನಿಂದ ಸೋಲಿಸಿದ. ಆಸ್ಪತ್ರೆಯೇ ಅವನನ್ನು ಗೆಲ್ಲಿಸಿತು ಎಂದು ಆಮೇಲಿನ ತರಬೇತುದಾರರು ಹೇಳುವುದುಂಟು. ಇತಿಹಾಸದ ಮೇಷ್ಟ್ರಾಗಿ ನಾನು ಇದನ್ನು ಪೂರ್ತಿ ಒಪ್ಪಲಾರೆ. ಆ ವರ್ಷ ಜಟೊಪೆಕ್‌ನನ್ನು ಸೋಲಿಸುವವರು ಯೂರೋಪಿನಲ್ಲಿ ಯಾರೂ ಇರಲಿಲ್ಲ. ಆಸ್ಪತ್ರೆ ಇಲ್ಲದಿದ್ದರೂ ಅವನು ಗೆಲ್ಲುತ್ತಿದ್ದ. ಆದರೆ ಎರಡು ವಾರ ಮಲಗಿದ್ದರಿಂದ ಗಳಿಸಿದ್ದೆಲ್ಲ ಕರಗಿಹೋಗಲಿಲ್ಲ ಎಂಬುದಂತೂ ನಿಸ್ಸಂಶಯ. ನಮ್ಮ ಹುಡುಗನ ಭಯಕ್ಕೆ ಉತ್ತರವಾಗಿ ಅಷ್ಟು ಸಾಕು.

ಇನ್ನೂ ಗಟ್ಟಿಯಾದ ಸಾಕ್ಷಿ ರೋಜರ್ ಬ್ಯಾನಿಸ್ಟರ್. ಲಂಡನ್ನಿನ ವೈದ್ಯ ವಿದ್ಯಾರ್ಥಿ. ಒಂದು ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಬೇಕೆಂದು ಹೊರಟವನು. ಅಭ್ಯಾಸದಲ್ಲಿ ಕಾಲು ಮೈಲಿಯನ್ನು ಹತ್ತು ಸಲ, ಪ್ರತಿಸಲವೂ 60 ಸೆಕೆಂಡಿನಲ್ಲಿ ಓಡುವುದು ಅವನ ಗುರಿ. 1954ರ ಏಪ್ರಿಲ್ ಹೊತ್ತಿಗೆ 61 ಸೆಕೆಂಡಿಗೆ ಬಂದು ನಿಂತುಬಿಟ್ಟಿತು. ಎಷ್ಟು ತಿಣುಕಿದರೂ ಆ ಒಂದು ಸೆಕೆಂಡು ಅಲುಗಲಿಲ್ಲ. ಆಗ ಅವನು ಗೆಳೆಯ ಕ್ರಿಸ್ ಬ್ರಾಷರನ ಜೊತೆ ಓಟವನ್ನೇ ಬಿಟ್ಟು ಸ್ಕಾಟ್ಲೆಂಡಿಗೆ ಹೋಗಿ ಕೆಲವು ದಿನ ಬಂಡೆ ಹತ್ತಿಕೊಂಡಿದ್ದ. ಹಿಂತಿರುಗಿ ಬಂದು ಓಡಿದರೆ 59 ಸೆಕೆಂಡು! ಪಂದ್ಯಕ್ಕೆ ಮುಂಚಿನ ಐದು ದಿನ ಪೂರ್ತಿ ವಿಶ್ರಾಂತಿ ತೆಗೆದುಕೊಂಡ. ಮೇ 6ರಂದು ಆಕ್ಸ್‌ಫರ್ಡಿನ ಇಫ್ಲಿ ರಸ್ತೆಯ ಮೈದಾನದಲ್ಲಿ 3 ನಿಮಿಷ 59.4 ಸೆಕೆಂಡು.

ನಾನು ಇದನ್ನೆಲ್ಲ ಹೇಳಿದಾಗ ಅಳಿಯ, "ಮಾವ, ಅದು ಒಂದು ಮೈಲಿ, ನಮ್ಮದು ನೂರ ನಲವತ್ತು" ಎಂದ. ತಕರಾರು ನ್ಯಾಯವಾದದ್ದೇ. ಅವನ ಆಟದ ಇತಿಹಾಸವನ್ನೇ ಹಿಡಿದೆ.

ಆ ಆಟ ಹುಟ್ಟಿದ್ದು ಒಂದು ಜಗಳದಿಂದ. 1977ರಲ್ಲಿ ಹವಾಯಿಯಲ್ಲಿ ಓಟಗಾರರು, ಈಜುಗಾರರು, ಸೈಕಲ್ ಸವಾರರು ಇವರಲ್ಲಿ ಯಾರು ಗಟ್ಟಿ ಎಂದು ವಾದವಾದಾಗ, ಜಾನ್ ಕಾಲಿನ್ಸ್ ಎಂಬ ನೌಕಾಪಡೆಯ ಅಧಿಕಾರಿ ದ್ವೀಪದ ಮೂರು ಪಂದ್ಯಗಳನ್ನು ಒಟ್ಟಿಗೆ ಹೊಲಿದುಬಿಟ್ಟ. 1978ರ ಫೆಬ್ರುವರಿ 18ರಂದು ಹದಿನೈದು ಮಂದಿ ನೀರಿಗಿಳಿದರು, ಹನ್ನೆರಡು ಮಂದಿ ಮುಗಿಸಿದರು. ಗೆದ್ದ ಗಾರ್ಡನ್ ಹಾಲರನಿಗೆ ಹನ್ನೊಂದು ಗಂಟೆ 46 ನಿಮಿಷ ಹಿಡಿಯಿತು. ಎರಡನೆಯವನಿಗೆ ದಾರಿಯಲ್ಲಿ ನೀರು ಮುಗಿದು ಸಹಾಯಕರು ಬಿಯರ್ ಕುಡಿಸಿದರಂತೆ. ಅಂಥವರಿಗೆ ದಣಿವಿನ ಶಾಸ್ತ್ರವನ್ನು ಯಾರು ಹೇಳಬೇಕು?

ಹೇಳಿಸಿಕೊಂಡವನು ಮಾರ್ಕ್ ಅಲೆನ್. ಆರಂಭದ ವರ್ಷಗಳಲ್ಲಿ ಅವನೂ ಪ್ರತಿದಿನ ಜೋರಾಗಿ ಓಡಿ, ಮತ್ತೆ ಮತ್ತೆ ನೋವು ಮಾಡಿಕೊಂಡವನು. ಫಿಲ್ ಮ್ಯಾಫೆಟೋನ್ ಎಂಬ ಸಲಹೆಗಾರ ಅವನಿಗೆ ಒಂದು ಬೇಲಿ ಹಾಕಿದ: ಅಭ್ಯಾಸದಲ್ಲಿ ಹೃದಯದ ಬಡಿತ ನಿಮಿಷಕ್ಕೆ 155 ದಾಟಕೂಡದು. ಆ ಬೇಲಿಯೊಳಗೆ ಓಡಿದರೆ ಜಗತ್ತಿನ ಅಗ್ರ ಓಟಗಾರರಲ್ಲೊಬ್ಬನಿಗೆ ಮೈಲಿಗೆ ಎಂಟು ನಿಮಿಷಕ್ಕೂ ಹೆಚ್ಚು ಬೇಕಾಯಿತು. ಎಂಥ ಅವಮಾನ! ಅವನು ಅವಮಾನವನ್ನು ನುಂಗಿಕೊಂಡ. ವರ್ಷದ ಹೊತ್ತಿಗೆ ಅದೇ 155 ಬಡಿತದಲ್ಲಿ ಐದೂವರೆ ನಿಮಿಷಕ್ಕಿಂತ ಕಡಿಮೆಗೆ ಬಂದಿತ್ತು. ಆದರೂ ಹವಾಯಿಯಲ್ಲಿ ಆರು ಸಲ ಸೋತ. ಅದೇ ಪಂದ್ಯವನ್ನು ಆರು ಸಲ ಗೆದ್ದಿದ್ದ ಡೇವ್ ಸ್ಕಾಟ್ ಎಂಬ ಬೆಟ್ಟ ಎದುರಿಗಿತ್ತು. 1989ರಲ್ಲಿ ಇಬ್ಬರೂ ಎಂಟು ಗಂಟೆಯ ತನಕ ಪಕ್ಕಪಕ್ಕದಲ್ಲೇ ಸಾಗಿ, ಕೊನೆಯ ಏರಿನಲ್ಲಿ ಅಲೆನ್ ಕಿತ್ತುಕೊಂಡು ಓಡಿದ. ಅಂತರ 58 ಸೆಕೆಂಡು. ಆಮೇಲೆ ಅವನೂ ಒಟ್ಟು ಆರು ಸಲ ಗೆದ್ದ. ನಿಧಾನವಾಗಿ ಓಡುವ ಧೈರ್ಯವಿದ್ದವನು ಎಂದು ನಾನು ಅವನನ್ನು ಮೆಚ್ಚುತ್ತೇನೆ. ನಮ್ಮ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಮಳೆ ಬಿದ್ದು ಹದ ಬಂದಿದ್ದರೂ ಆ ಒಂದು ದಿನ ಕೈಕಟ್ಟಿ ಕುಳಿತುಕೊಳ್ಳಲು ರೈತನಿಗೂ ಅಂಥದೇ ಧೈರ್ಯ ಬೇಕು.

ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೈಗಡಿಯಾರ ಬಿಚ್ಚಿ ನನ್ನ ಮುಂದೆ ಹಿಡಿದ. ನಿದ್ದೆಯಿಂದೇಳುವ ಹೊತ್ತಿನ ನಾಡಿಯನ್ನು ಅದು ದಿನವೂ ಬರೆದಿಟ್ಟುಕೊಳ್ಳುತ್ತದೆಯಂತೆ. ಆಗಸ್ಟಿನಲ್ಲಿ 48 ಇದ್ದದ್ದು ಈಗ ಹತ್ತು ದಿನದಿಂದ 57, 58. "ನೋಡಿದ್ದೆ ಮಾವ, ಗಡಿಯಾರ ಕೆಟ್ಟಿದೆ ಅಂದುಕೊಂಡಿದ್ದೆ" ಎಂದ. ಬಾಗಿಲಲ್ಲಿದ್ದ ತಂಗಿ ಏನೂ ಹೇಳದೆ ಒಳಗೆ ಹೋದಳು.

ಸೋಮವಾರ ಮಂಗಳವಾರ ಅವನು ಸೈಕಲ್ ಮುಟ್ಟಲಿಲ್ಲ. ಮೊದಲ ರಾತ್ರಿ ಹನ್ನೊಂದು ಗಂಟೆ ನಿದ್ದೆ ಮಾಡಿದನೆಂದು ತಂಗಿ ಫೋನು ಮಾಡಿ ತಿಳಿಸಿದಳು. ನಡುವೆ ಎರಡು ಸಲ ಎದೆ ಏರಿಳಿಯುತ್ತಿದೆಯೇ ಎಂದು ನೋಡಿ ಬಂದಳಂತೆ. ಆ ಮೇಲಿನ ವಾರ ಅಭ್ಯಾಸವನ್ನು ಮತ್ತೆ ಹಿಡಿದ, ಆದರೆ ಪಟ್ಟಿಯಲ್ಲಿ ವಿರಾಮವೆಂದಿದ್ದ ದಿನ ವಿರಾಮವೇ. ನಾಡಿ 50ಕ್ಕೆ ಇಳಿಯಲು ಒಂಬತ್ತು ದಿನ ಹಿಡಿಯಿತು.

ಪಂದ್ಯಕ್ಕೆ ಇನ್ನು ಹನ್ನೊಂದು ದಿನ ಉಳಿದಿದೆ. ಅವನು ಮುಗಿಸುತ್ತಾನೋ ಇಲ್ಲವೋ ನಾನು ಹೇಳಲಾರೆ. ಲಂಕಾವಿಯ ಸೆಕೆಯ ಮುಂದೆ ಮೊಸ್ಸೊನ ಯಂತ್ರವೂ ಏನೂ ಹೇಳಲಾರದು. ನಿನ್ನೆ ಭಾನುವಾರ ಮತ್ತೆ ಅಲ್ಲಿಯೇ ಊಟ. ಹುಡುಗ ಹುಳಿಯನ್ನ ಎರಡು ಸಲ ಹಾಕಿಸಿಕೊಂಡ, ಮಜ್ಜಿಗೆಗೆ ಉಪ್ಪಿನಕಾಯಿ ಕೇಳಿದ, ಊಟ ಮುಗಿದ ಮೇಲೆ ಅಂಗಳದಲ್ಲಿ ಕುಳಿತು ಸೈಕಲ್ಲಿನ ಚೈನಿಗೆ ಎಣ್ಣೆ ಬಿಟ್ಟ. ಓಡಲು ಹೋಗಲಿಲ್ಲ. ಜಗಲಿಯ ಮೇಲೆ ತೂಕಡಿಸಿದವನು ಈ ಸಲ ನಾನೇ.