ದೊಮ್ಮಲೂರಿನ ಜಾಗ: ಕಲ್ಲಿನ ಶಾಸನದಿಂದ ಬಣ್ಣದ ನಕ್ಷೆಯವರೆಗೆ

"ನನ್ನ ಸೈಟು, ನನ್ನ ಮನೆ. ಕೆಳಗೆ ಅಂಗಡಿ ಹಾಕಿದರೆ ಯಾರಿಗೇನು?" ದೊಮ್ಮಲೂರಿನ ಅಡ್ಡರಸ್ತೆಗಳಲ್ಲಿ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ಆದರೆ ಯಾವ ಜಾಗ ಯಾತಕ್ಕೆ ಎಂದು ಬರೆದಿಡುವುದು ಈ ಊರಿಗೆ ಹೊಸದಲ್ಲ.

ಇಲ್ಲಿನ ಚೊಕ್ಕನಾಥಸ್ವಾಮಿ ದೇವಸ್ಥಾನದಲ್ಲಿ ತಮಿಳು ಮತ್ತು ಕನ್ನಡ ಶಾಸನಗಳಿವೆ. ಒಂದು ತಮಿಳು ಶಾಸನ ಜಲಪಳ್ಳಿಯ ಭೂಮಿಯನ್ನೂ ವಿಣ್ಣಮಂಗಲದ ಕೆರೆಯನ್ನೂ ದೇವರಿಗೆ ಬಿಟ್ಟದ್ದನ್ನು ಹೇಳುತ್ತದೆ. ಯಾವ ಭೂಮಿಯ ಆದಾಯ ಯಾರಿಗೆ ಎಂಬುದು ದೇವಸ್ಥಾನಕ್ಕೆ ಬಂದವರೆಲ್ಲರ ಕಣ್ಣೆದುರೇ ಕಲ್ಲಿನಲ್ಲಿತ್ತು.

ಊರು ನಗರವಾದಾಗ ಬರಹ ಕಾಗದಕ್ಕೆ ಹೋಯಿತು. ದೊಮ್ಮಲೂರು ಕೆರೆಯ ಜಾಗದಲ್ಲಿ ಬಡಾವಣೆ ಬಂತು. ಪಕ್ಕದ ಚಲ್ಲಘಟ್ಟ ಕೆರೆಯ ಜಾಗ ಗಾಲ್ಫ್ ಮೈದಾನವಾಯಿತು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಜಾಗದ ಬಳಕೆಯನ್ನು ನಕ್ಷೆಯಲ್ಲಿ ಗುರುತಿಸುವ ಪದ್ಧತಿ ಶುರುವಾಯಿತು. 1972ರಲ್ಲಿ ಬೆಂಗಳೂರಿನ ರೂಪುರೇಷಾ ಯೋಜನೆಗೆ ಒಪ್ಪಿಗೆ ಸಿಕ್ಕಿತು. 1976ರಲ್ಲಿ ಬಿಡಿಎ ಹುಟ್ಟಿತು. 1984, 1995 ಮತ್ತು 2007ರಲ್ಲಿ ಯೋಜನೆಗಳು ಬದಲಾದವು. ಕೊನೆಯದೇ 'ಪರಿಷ್ಕೃತ ಮಾಸ್ಟರ್ ಪ್ಲಾನ್ 2015'. 2031ರ ಕರಡು 2017ರಲ್ಲಿ ಬಂದರೂ ಮುಂದೆ ಅದನ್ನು ಹಿಂಪಡೆಯಲಾಯಿತು.

ಈ ನಕ್ಷೆಯಲ್ಲಿ ಹಳದಿ ವಸತಿ, ನೀಲಿ ವಾಣಿಜ್ಯ, ಹಸಿರು ಉದ್ಯಾನ. ನಿಮ್ಮ ಮನೆಯಲ್ಲಿ ಅಂಗಡಿ ನಡೆಸಬಹುದೇ ಎಂಬುದು ವಲಯದ ಜೊತೆಗೆ ಎದುರಿನ ರಸ್ತೆಯ ಅಗಲವನ್ನೂ ಅವಲಂಬಿಸಿದೆ. ಖಾತೆ ಇದೆ, ತೆರಿಗೆ ಕಟ್ಟಿದ್ದೇನೆ ಎಂದರೆ ಸಾಲದು. ಖಾತೆ ತೆರಿಗೆಯ ಲೆಕ್ಕ. ಕೃಷಿ ಜಮೀನಿಗೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಭೂಪರಿವರ್ತನೆ ಬೇರೆ. ನಕ್ಷೆಯಲ್ಲಿನ ಬಳಕೆ ಬದಲಿಸಲು 14-ಎ ಕಲಮಿನ ಅನುಮತಿ ಇನ್ನೊಂದು. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

ನಿಯಮ ಕಟ್ಟಿಹಾಕುವುದು ಮನೆ ಮಾಲೀಕರನ್ನು ಮಾತ್ರವಲ್ಲ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಉದ್ಯಾನ ಉಳಿಸಲು ನೆರೆಹೊರೆಯವರಿಗೆ ನೆರವಾದದ್ದು ಬಡಾವಣೆಯ ಯೋಜನೆಯಲ್ಲಿದ್ದ ಬರಹವೇ.

ಸಾಲ ಮಾಡಿ ನೆಲಮಹಡಿ ಬಾಡಿಗೆಗೆ ಕೊಟ್ಟ ಮೇಲೆ ನೋಟಿಸು ಬಂದರೆ ನಷ್ಟ ಮನೆಯವರಿಗೇ. ಅಡ್ವಾನ್ಸ್ ತೆಗೆದುಕೊಳ್ಳುವ ಮುಂಚೆ ನಿಮ್ಮ ಬೀದಿಯ ಬಣ್ಣ ನೋಡಿ, ರಸ್ತೆ ಅಳೆಸಿ. ಶಾಸನ ಗುಡಿಯಲ್ಲೇ ಇತ್ತು, ನಕ್ಷೆಯನ್ನು ಮಾತ್ರ ನಾವೇ ಹುಡುಕಿಕೊಂಡು ಹೋಗಬೇಕು.