ಭಂಗಾಸಾರವೂ ಪ್ರತ್ಯಭಿಜ್ಞೆಯೂ

ಕನ್ನಡದಲ್ಲಿ ಭಂಗಿಯೆಂದು ರೂಢವಾಗಿರುವ ಸಸ್ಯವು ಭಾರತೀಯ ವಾಙ್ಮಯಕ್ಕೆ ಹೊಸದಲ್ಲ. ಅಥರ್ವವೇದದಲ್ಲಿ ಭಂಗವು ಸೋಮದೊಡನೆ ಎಣಿಸಲ್ಪಟ್ಟಿದೆ. ಭಂಗೆಯನ್ನು ಬೆಳೆಯುವ ಹೊಲಕ್ಕೆ ಭಂಗ್ಯ, ಭಾಂಗೀನ ಎಂಬೆರಡು ರೂಪಗಳು ಪಾಣಿನೀಯದಿಂದ ಸಿದ್ಧಿಸುತ್ತವೆ. ಎಳ್ಳು ಉದ್ದುಗಳ ಸಾಲಿನಲ್ಲಿಯೇ ಇದನ್ನು ಹೇಳಿರುವುದರಿಂದ ಆ ಕಾಲಕ್ಕೆ ಇದು ಕೃಷಿಯ ಬೆಳೆಯಾಗಿದ್ದಿತೆಂಬುದು ಸ್ಪಷ್ಟ. ಮಾದಕತೆಯ ಸೂಚನೆಯು ಆ ಸೂತ್ರದಲ್ಲಿಲ್ಲ. ವೈದ್ಯಗ್ರಂಥಗಳಲ್ಲಿ ಎಚ್ಚರಿಕೆ ಹೆಚ್ಚು ಬೇಕು. ವಿಜಯಾ ಎಂಬ ಹೆಸರು ಅಳಲೆಕಾಯಿಗೂ ಸಲ್ಲುವುದರಿಂದ, ಆ ಶಬ್ದ ಕಂಡಲ್ಲೆಲ್ಲ ಭಂಗಿಯನ್ನು ಗ್ರಹಿಸುವುದು ಸಾಧುವಲ್ಲ. ಶಾರ್ಙ್ಗಧರಸಂಹಿತೆಯಲ್ಲಿ ವ್ಯವಾಯಿದ್ರವ್ಯಕ್ಕೆ ಭಂಗೆಯೂ ಅಫೀಮೂ ಉದಾಹರಣೆಗಳು. 16ನೆಯ ಶತಮಾನದ ಭಾವಪ್ರಕಾಶವು ಇದರ ಪಾಚಕಗುಣವನ್ನು ಹೇಳಿ, ಮೋಹವನ್ನು ಬೆಳೆಯಿಸುವ ಗುಣವನ್ನೂ ಸೇರಿಸಿದೆ.

ಮೋಹವರ್ಧಕವಾದುದು ಸ್ಮೃತಿಯನ್ನು ಕಾಯಬಲ್ಲುದೆ? ಮೇಲುನೋಟಕ್ಕೆ ಇದು ವಿರೋಧಾಭಾಸವೇ ಸರಿ. ಆದರೆ ಸಸ್ಯವು ಏಕದ್ರವ್ಯವಲ್ಲ. ಅಮೆರಿಕದ ರೋಜರ್ ಆಡಮ್ಸನು 1940ರಲ್ಲಿ ಇದರಿಂದ ಕ್ಯಾನಬಿಡಯಾಲನ್ನು ಬೇರ್ಪಡಿಸಿದನು. ಇಸ್ರೇಲಿನ ಮೆಚೌಲಮ್ ಮತ್ತು ಶ್ವೋ ಎಂಬವರು 1963ರಲ್ಲಿ ಅದರ ರಚನೆಯನ್ನು ನಿರ್ಣಯಿಸಿದರು. ಮರುವರ್ಷವೇ ಗಾವೊನಿ ಮತ್ತು ಮೆಚೌಲಮರು ಶುದ್ಧರೂಪದಲ್ಲಿ ಪಡೆದ ಟೆಟ್ರಾಹೈಡ್ರೊಕ್ಯಾನಬಿನಾಲೆಂಬುದೇ ಮದಕ್ಕೆ ಮುಖ್ಯಕಾರಣವಾದ ದ್ರವ್ಯ. ಕ್ಯಾನಬಿಡಯಾಲು ಅಂತಹ ಮದವನ್ನು ತಾರದು.

ವ್ಯಾಧಿಯ ಇತಿಹಾಸವು ಇದಕ್ಕಿಂತ ಹಿಂದಿನದು. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಬಂದ 51 ವರ್ಷದ ಆಗುಸ್ಟೆ ಡೀಟರ್ ಎಂಬಾಕೆಯನ್ನು ಆಲೋಯಿಸ್ ಅಲ್‌ಝೈಮರನು ಪರೀಕ್ಷಿಸಿದನು. 1906ರಲ್ಲಿ ಆಕೆ ಮೃತಳಾದ ಬಳಿಕ, ಆಕೆಯ ಮೆದುಳಿನಲ್ಲಿ ಕಂಡ ವಿಕಾರಗಳನ್ನು ಆತನು ಅದೇ ವರ್ಷ ಟ್ಯೂಬಿಂಗೆನ್ನಿನ ಸಭೆಯಲ್ಲಿ ವಿವರಿಸಿದನು. 1910ರಲ್ಲಿ ಕ್ರೇಪೆಲಿನನು ವ್ಯಾಧಿಗೆ ಅವನ ಹೆಸರನ್ನೇ ಇಟ್ಟನು.

ಈ ಎರಡು ಧಾರೆಗಳು ಕೂಡಿದುದು ಇತ್ತೀಚೆಗೆ. 2007ರಲ್ಲಿ ಎಸ್ಪೋಸಿಟೊ ಮೊದಲಾದ ಇಟಲಿಯ ಸಂಶೋಧಕರು ಚಿಟ್ಟಿಲಿಗಳ ಮೆದುಳಿಗೆ ಅಮಿಲಾಯ್ಡನ್ನು ಚುಚ್ಚಿ, 7 ದಿನ ಕ್ಯಾನಬಿಡಯಾಲನ್ನು ಕೊಟ್ಟಾಗ ನರಗಳ ಉರಿಯೂತವು ತಗ್ಗಿತು. ಸೂಜಿಯಿಂದ ಒಮ್ಮೆಗೇ ಉಂಟುಮಾಡಿದ ವಿಕಾರವು ವರ್ಷಗಟ್ಟಲೆ ಬೆಳೆಯುವ ವ್ಯಾಧಿಗೆ ಸಮವಲ್ಲವಾದುದರಿಂದ, 2014ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪ್ರಯೋಗವೇ ಹೆಚ್ಚು ವಿಚಾರಾರ್ಹ. ರೋಗಕಾರಕ ಮಾನವಜೀನುಗಳನ್ನು ಹೊತ್ತು ಹುಟ್ಟಿದ ಚಿಟ್ಟಿಲಿಗಳಿಗೆ 8 ತಿಂಗಳು ಔಷಧವನ್ನು ಉಣಿಸಲಾಯಿತು. ಔಷಧವಿಲ್ಲದವು ಹಿಂದೆ ಕಂಡ ಚಿಟ್ಟಿಲಿಗೂ ಹೊಸದಕ್ಕೂ ಭೇದವನ್ನರಿಯದಾದವು. ಔಷಧ ಪಡೆದವು ಅರಿತವು. ನೈಯಾಯಿಕರ ಪರಿಭಾಷೆಯಲ್ಲಿ ಇದು ಕೇವಲ ಸ್ಮೃತಿಯಲ್ಲ, ‘ಅದೇ ಇದು’ ಎಂಬ ಪ್ರತ್ಯಭಿಜ್ಞೆ. ಮಕ್ಕಳ ಮುಖವನ್ನೇ ಗುರುತಿಸಲಾರದ ರೋಗಿಗಳ ಮನೆಯವರು ಬಲ್ಲ ಸಂಕಟವೂ ಇದರದೇ. ಅಚ್ಚರಿಯೆಂದರೆ, ಅಮಿಲಾಯ್ಡಿನ ಪ್ರಮಾಣವು ತಗ್ಗಿರಲೇ ಇಲ್ಲ. ಕಾರಣವೆಂದು ಬಗೆದುದು ಇದ್ದಂತೆಯೇ ಇದ್ದು, ಕಾರ್ಯವು ಮಾತ್ರ ನಿಂತಿತು. ಇದರಿಂದ ಅಮಿಲಾಯ್ಡು ಕಾರಣವೇ ಅಲ್ಲವೆಂದು ಹೇಳುವುದು ಅತಿವ್ಯಾಪ್ತಿ. ಔಷಧವು ಬೇರೆ ದಾರಿಯಿಂದ ಕೆಲಸ ಮಾಡಿತೆಂಬಷ್ಟು ಊಹೆಗೆ ಮಾತ್ರ ಅವಕಾಶವುಂಟು.

2018ರಲ್ಲಿ ಅಮೆರಿಕದ ಸರಕಾರವು ಕ್ಯಾನಬಿಡಯಾಲಿಗೆ ಔಷಧವಾಗಿ ಕೊಟ್ಟ ಅನುಮತಿಯು ಎರಡು ವಿರಳವಾದ ಅಪಸ್ಮಾರಗಳಿಗೆ, ಸ್ಮೃತಿಭ್ರಂಶಕ್ಕಲ್ಲ.