ಗಾಜಿನ ಪಾತ್ರೆಯಲ್ಲಿ ಕೊಳದ ಸೂಕ್ಷ್ಮಜೀವಿಗಳ ವೀಕ್ಷಣೆ

ಕೆರೆ, ಕೊಳ, ಹೊಂಡಗಳ ನೀರನ್ನು ಪಾಚಿ ಮತ್ತು ಜಲಸಸ್ಯಗಳ ಸಮೇತ ಚಿಕ್ಕ ಗಾಜಿನ ಪಾತ್ರೆಯಲ್ಲಿಟ್ಟು, ಅದರೊಳಗಿನ ಅಮೀಬಾ, ಪ್ಯಾರಮೀಸಿಯಂ, ರೋಟಿಫರ್, ಹೈಡ್ರಾ, ನೀರುಚಿಗಟ ಮೊದಲಾದ ಜೀವಿಗಳನ್ನು ದಿನಗಟ್ಟಲೆ ಗಮನಿಸುವ ಹವ್ಯಾಸ ಹಾಗೂ ಅಧ್ಯಯನಕ್ರಮ. ಇದರ ಚರಿತ್ರೆಯನ್ನು ಸೂಕ್ಷ್ಮದರ್ಶಕದ ಕಥೆಯ ಬಾಲದಂತೆ ಹೇಳಿ ಮುಗಿಸುವುದು ರೂಢಿ. ಆದರೆ ಮಸೂರ ತೋರಿಸಿದ್ದು ಜೀವಿಯ ಆಕಾರವನ್ನು. ಅದು ಏನು ತಿನ್ನುತ್ತದೆ, ಹೇಗೆ ಹೆಚ್ಚುತ್ತದೆ, ಯಾವುದಕ್ಕೆ ಆಹಾರವಾಗುತ್ತದೆ ಎಂಬುದು ತಿಳಿದದ್ದು ಅದನ್ನು ಮನೆಯಲ್ಲಿ ಬದುಕಿಸಿಟ್ಟುಕೊಳ್ಳಲು ಕಲಿತ ಮೇಲೆ.

ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟೋನಿ ವಾನ್ ಲೇವನ್‌ಹುಕ್ (1632–1723) 1674ರಲ್ಲಿ ಹತ್ತಿರದ ಬರ್ಕೆಲ್ಸೆ ಸರೋವರದ ನೀರನ್ನು ಸೀಸೆಯಲ್ಲಿ ತಂದು, ತಾನೇ ಉಜ್ಜಿ ಮಾಡಿದ ಒಂಟಿ ಮಸೂರದ ಉಪಕರಣದಲ್ಲಿ ನೋಡಿದ. ಸುರುಳಿ ಸುತ್ತಿದ ಹಸಿರು ಎಳೆಗಳೂ ಅವುಗಳ ನಡುವೆ ಓಡಾಡುವ ಪುಟ್ಟ ಜೀವಿಗಳೂ ಕಂಡವು. ಮೆಣಸಿನ ಖಾರಕ್ಕೆ ಕಾರಣವೇನೆಂದು ಹುಡುಕುತ್ತ ಅವನು ಮೆಣಸನ್ನು ನೀರಿನಲ್ಲಿ ನೆನೆಹಾಕಿದ್ದೂ ಉಂಟು. ಖಾರದ ಗುಟ್ಟು ಸಿಗಲಿಲ್ಲ. ಆ ನೀರಿನಲ್ಲಿ ಕಂಡ ಅಸಂಖ್ಯ ಜೀವಿಗಳ ವರದಿಯನ್ನು 1676ರ ಅಕ್ಟೋಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ. ಸೊಸೈಟಿಯವರು ಸುಲಭಕ್ಕೆ ನಂಬಲಿಲ್ಲ. ಪಾದ್ರಿಗಳೂ ಸೇರಿದಂತೆ ಊರಿನ ಗಣ್ಯರಿಂದ ಅವನು ಸಾಕ್ಷ್ಯಪತ್ರ ಬರೆಸಿ ಕಳಿಸಬೇಕಾಯಿತು. 1677ರ ನವೆಂಬರಿನಲ್ಲಿ ವಿಜ್ಞಾನಿ ರಾಬರ್ಟ್ ಹುಕ್ ಅದೇ ಪ್ರಯೋಗವನ್ನು ಸದಸ್ಯರ ಎದುರು ಮಾಡಿ ತೋರಿಸಿದ ಮೇಲೆ ಅನುಮಾನ ತೀರಿತು.

ಪಾತ್ರೆಯ ಚರಿತ್ರೆ ನಿಜವಾಗಿ ಶುರುವಾಗುವುದು 1740ರಲ್ಲಿ. ಜಿನೀವಾ ಮೂಲದ ಅಬ್ರಹಾಂ ಟ್ರೆಂಬ್ಲಿ (1710–1784) ಹೇಗ್ ನಗರದ ಬಳಿಯ ಸೋರ್ಗ್‌ವ್ಲೀಟ್ ಎಸ್ಟೇಟಿನಲ್ಲಿ ಬೆಂಟಿಂಕ್ ಎಂಬ ಶ್ರೀಮಂತನ ಇಬ್ಬರು ಗಂಡುಮಕ್ಕಳಿಗೆ ಪಾಠ ಹೇಳುತ್ತಿದ್ದ. ನೀರಿನಿಂದ ಗಿಡಗಳನ್ನು ತಂದು ಗಾಜಿನ ಭರಣಿಗಳಲ್ಲಿ ಹಾಕಿ ಕಿಟಕಿಯ ಬಳಿ ಇಡುವುದು ಪಾಠದ ಭಾಗವೇ ಆಗಿತ್ತು. ಗಿಡಕ್ಕೆ ಅಂಟಿಕೊಂಡ ಹಸಿರು ಹೈಡ್ರಾಗಳನ್ನು ಅವನು ಮೊದಲು ಸಸ್ಯವೆಂದೇ ತಿಳಿದ. ಆದರೆ ಅವು ಬೆಳಕಿನ ಕಡೆಯ ಗಾಜಿಗೆ ಬಂದು ಸೇರುತ್ತಿದ್ದವು. ಭರಣಿಯನ್ನು ಅರ್ಧ ಸುತ್ತು ತಿರುಗಿಸಿಟ್ಟರೆ ನಿಧಾನವಾಗಿ ಮತ್ತೆ ಬೆಳಕಿನ ಕಡೆಗೇ ಬರುತ್ತಿದ್ದವು. ಗಿಡವೋ ಪ್ರಾಣಿಯೋ ಎಂಬ ಗೊಂದಲ ಬಗೆಹರಿಸಲು ನವೆಂಬರ್ 25ರಂದು ಒಂದನ್ನು ಅಡ್ಡಲಾಗಿ ಕತ್ತರಿಸಿದ. ಕತ್ತರಿಸಿದರೂ ಬದುಕಿದರೆ ಗಿಡ ಎಂಬುದು ಅವನ ಲೆಕ್ಕ. ಎರಡೂ ತುಂಡುಗಳು ಬೆಳೆದು ಪೂರ್ಣ ಹೈಡ್ರಾಗಳಾದವು. ಅವೇ ಜೀವಿಗಳು ನೀರುಚಿಗಟಗಳನ್ನು ಹಿಡಿದು ನುಂಗುವುದನ್ನೂ ಕಂಡಾಗ ಅವನ ಲೆಕ್ಕವೇ ತಲೆಕೆಳಗಾಯಿತು: ಗಿಡದ ಹಾಗೆ ಚಿಗುರುವ ಪ್ರಾಣಿಯೂ ಇದೆ.

ಟ್ರೆಂಬ್ಲಿಯ ಜಾಣ್ಮೆ ಇದ್ದದ್ದು ಕತ್ತರಿಯಲ್ಲಿ ಅಲ್ಲ, ಕತ್ತರಿಸಿದ ಮೇಲಿನ ಆರೈಕೆಯಲ್ಲಿ. ಪಾತ್ರೆಯನ್ನು ಅಲುಗಿಸದೆ ಮಸೂರವನ್ನೇ ಅದರ ಬಳಿಗೆ ಒಯ್ಯಲು ಕೀಲುಗಳಿರುವ ತೋಳೊಂದನ್ನು ಬಳಸಿದ. ಪ್ಯಾರಿಸ್ಸಿನ ಪ್ರಕೃತಿವಿಜ್ಞಾನಿ ರಿಯೋಮ್ಯೂರ್‌ಗೆ ಹೈಡ್ರಾಗಳನ್ನು ಅಂಚೆಯಲ್ಲೂ ಕಳಿಸಿದ. ಮೊದಲ ಸಲ ಸೀಸೆಯ ಬಾಯನ್ನು ಅರಗಿನಿಂದ ಭದ್ರವಾಗಿ ಮುಚ್ಚಿದ್ದರಿಂದ ಅವು ಗಾಳಿಯಿಲ್ಲದೆ ಸತ್ತವು. ಮುಂದಿನ ಸಲ ಜೀವಂತವಾಗಿ ತಲುಪಿದವು. 1743ರಲ್ಲಿ ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಪದಕ ಕೊಟ್ಟಿತು. ಮರುವರ್ಷ ಹೈಡ್ರಾ ಕುರಿತ ಅವನ ಗ್ರಂಥ ಲೈಡನ್ನಿನಲ್ಲಿ ಹೊರಬಂತು.

ಜೀವಿಗಳು ಬದುಕಿರಲು ಪಾತ್ರೆಯ ನೀರನ್ನು ಬದಲಿಸುತ್ತಲೇ ಇರಬೇಕಿದ್ದ ತಾಪತ್ರಯ ತಪ್ಪಿದ್ದು ಇನ್ನೊಂದು ಶತಮಾನದ ನಂತರ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 12 ಗ್ಯಾಲನ್, ಅಂದರೆ ಸುಮಾರು 54 ಲೀಟರಿನ ಪಾತ್ರೆಯಲ್ಲಿ ಎರಡು ಚಿನ್ನದ ಮೀನು ಹಾಗೂ ವ್ಯಾಲಿಸ್ನೇರಿಯಾ ಗಿಡವನ್ನಿಟ್ಟ. ಗಿಡ ಆಮ್ಲಜನಕ ಕೊಡುತ್ತಿತ್ತು, ಆದರೆ ಕೊಳೆತ ಎಲೆಗಳಿಂದ ನೀರು ಕೆಡತೊಡಗಿತು. ಕೊಳದ ಬಸವನಹುಳುಗಳನ್ನು ಬಿಟ್ಟಾಗ ಅವು ಕೊಳೆತದ್ದನ್ನು ತಿಂದು ತೀರಿಸಿದವು, ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು. 1850ರಲ್ಲಿ ಅವನು ಪ್ರಕಟಿಸಿದ ಈ ಕ್ರಮವೇ ಮನೆಯ ಅಕ್ವೇರಿಯಂಗೆ ಬುನಾದಿ. ಬ್ರಿಟನ್ 1845ರಲ್ಲಿ ಗಾಜಿನ ಮೇಲಿನ ಸುಂಕವನ್ನು ತೆಗೆದುಹಾಕಿದ್ದರಿಂದ ಪಾತ್ರೆ ಅಗ್ಗವಾಗಿತ್ತು. ಪ್ರಕೃತಿವಿಜ್ಞಾನಿ ಫಿಲಿಪ್ ಹೆನ್ರಿ ಗಾಸ್‌ನ ಪುಸ್ತಕಗಳು ಹವ್ಯಾಸವನ್ನು ಮನೆಮನೆಗೆ ಮುಟ್ಟಿಸಿದವು. ಸೂಕ್ಷ್ಮದರ್ಶಕದ ಹವ್ಯಾಸಿಗಳ ಕ್ವೆಕೆಟ್ ಕ್ಲಬ್ ಲಂಡನ್ನಿನಲ್ಲಿ ಹುಟ್ಟಿದ್ದು 1865ರಲ್ಲಿ.

ಇಪ್ಪತ್ತನೆಯ ಶತಮಾನದಲ್ಲಿ ಈ ಆಟದ ಪಾತ್ರೆ ಪ್ರಯೋಗಾಲಯ ಸೇರಿತು. ಒಣಹುಲ್ಲು ನೆನೆಸಿದ ನೀರಿನಲ್ಲಿ ಏಕಕೋಶ ಜೀವಿಗಳು ಒಂದೇ ಸಲಕ್ಕೆ ತುಂಬಿಕೊಳ್ಳುವುದಿಲ್ಲ, ಸರದಿಯ ಪ್ರಕಾರ ಬರುತ್ತವೆ ಎಂದು ಅಮೆರಿಕದ ಜೀವವಿಜ್ಞಾನಿ ಲೊರಾಂಡ್ ವುಡ್ರಫ್ 1912ರಲ್ಲಿ ತೋರಿಸಿದ: ಮೊದಲು ಚಾವಟಿಬಾಲದ ಮೊನಾಡ್‌ಗಳು, ಆಮೇಲೆ ಕಾಲ್ಪೋಡಾ, ಪ್ಯಾರಮೀಸಿಯಂ, ವಾರ್ಟಿಸೆಲ್ಲಾ, ಕಡೆಗೆ ಅಮೀಬಾ. ಮನೆಯ ಬಾಟಲಿಯಲ್ಲಿ ಇಂದು ಕಂಡದ್ದು ಮುಂದಿನ ವಾರ ಮಾಯವಾಗುವುದು ಇದೇ ಕಾರಣಕ್ಕೆ. ಮಾಸ್ಕೋದ ಜೀವವಿಜ್ಞಾನಿ ಗಾಸೆ 1934ರಲ್ಲಿ ಎರಡು ಜಾತಿಯ ಪ್ಯಾರಮೀಸಿಯಂಗಳನ್ನು ಒಟ್ಟಿಗೆ ಸಾಕಿ, ಒಂದೇ ಆಹಾರಕ್ಕೆ ಪೈಪೋಟಿ ಬಿದ್ದಾಗ ಒಂದು ಅಳಿಯುವುದನ್ನು ದಾಖಲಿಸಿದ.

ಭಾರತದಲ್ಲಿ ಕೊಳದ ಜೀವಿಗಳ ಅಧ್ಯಯನದ ಆರಂಭಿಕ ಕೆಲಸ ನಡೆದದ್ದು ಮುಂಬಯಿಯ ಕೆರೆಗಳಲ್ಲಿ. ಸೇನಾ ವೈದ್ಯ ಹೆನ್ರಿ ಜಾನ್ ಕಾರ್ಟರ್ 1840ರ ದಶಕದಲ್ಲಿ ಅಲ್ಲಿಯ ಸಿಹಿನೀರಿನ ಸ್ಪಂಜುಗಳನ್ನೂ 1856ರಲ್ಲಿ ಸೂಕ್ಷ್ಮಜೀವಿಗಳನ್ನೂ ಕುರಿತು ಬರೆದ. ಕಲ್ಕತ್ತೆಯ ಪ್ರಾಣಿಶಾಸ್ತ್ರಜ್ಞ ನೆಲ್ಸನ್ ಅನನ್‌ಡೇಲ್ 1911ರಲ್ಲಿ ಸಿಹಿನೀರಿನ ಸ್ಪಂಜು, ಹೈಡ್ರಾಗಳ ಸಂಪುಟ ಹೊರತಂದ.

ಕರ್ನಾಟಕದವರಿಗೆ ಹೆಚ್ಚು ಹತ್ತಿರದ ಜೀವಿಯೆಂದರೆ ಸೈಕ್ಲಾಪ್ಸ್. ಬಾಟಲಿಯ ನೀರನ್ನು ಬೆಳಕಿಗೆ ಹಿಡಿದರೆ ಜಿಗಿಜಿಗಿದು ಚಲಿಸುವ ಬಿಳಿ ಚುಕ್ಕೆಯಾಗಿ ಬರಿಗಣ್ಣಿಗೇ ಕಾಣುತ್ತದೆ. ಭೂತಗನ್ನಡಿಯಲ್ಲಿ ಅದರ ಒಂಟಿಕಣ್ಣೂ ಹೆಣ್ಣಿನ ಎರಡು ಮೊಟ್ಟೆಚೀಲಗಳೂ ಕಾಣುತ್ತವೆ. ನಾರುಹುಣ್ಣಿನ ಹುಳದ ಮರಿ ಮನುಷ್ಯನನ್ನು ಸೇರುವುದು ಇದರ ದೇಹದೊಳಗೆ ಬೆಳೆದ ಮೇಲೆಯೇ ಎಂದು ರಷ್ಯದ ಅಲೆಕ್ಸಿ ಫೆಡ್ಚೆಂಕೊ 1870ರಲ್ಲಿ ತುರ್ಕಿಸ್ತಾನದಲ್ಲಿ ಕಂಡುಕೊಂಡ. ಮೆಟ್ಟಿಲುಬಾವಿಗೆ ಇಳಿದು ನೀರು ತುಂಬುವಲ್ಲಿ ಹುಣ್ಣಿನ ಕಾಲು ನೀರಿಗೆ ತಾಗಿ, ಹುಳ ಮರಿಗಳನ್ನು ಬಿಡುತ್ತಿತ್ತು; ಅವನ್ನು ನುಂಗಿದ ಸೈಕ್ಲಾಪ್ಸ್ ಕುಡಿಯುವ ನೀರಿನ ಜೊತೆ ಮನುಷ್ಯನ ಹೊಟ್ಟೆ ಸೇರುತ್ತಿತ್ತು. ಕರ್ನಾಟಕವೂ ಪೀಡಿತ ರಾಜ್ಯಗಳಲ್ಲೊಂದಾಗಿತ್ತು. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುವುದು, ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಬದಲಿಸುವುದು ಇವೇ ಮುಖ್ಯ ಉಪಾಯಗಳಾದವು. ಭಾರತದ ಕೊನೆಯ ಪ್ರಕರಣ ವರದಿಯಾದದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ನಾರುಹುಣ್ಣಿನಿಂದ ಮುಕ್ತವೆಂದು ಘೋಷಿಸಿತು.